ಕಂಬದ ಫ್ಯಾಕ್ಟರಿಯ ಹಿಂದಿನ ಬಾವಿ

"ನೀರು ಕುಡಿರಿ ಮೇಡಂ... ಬಿಸಿಲಲ್ಲಿ ಬಂದೀರಿ."

ಬಂಗಾರಮ್ಮ ತುಂಬಿದ ಚೊಂಬನ್ನೂ ಒಂದು ತುಂಡು ಬೆಲ್ಲವನ್ನೂ ಮುಂದೆ ಹಿಡಿದರು. ಚಾಚಿದ ನಯನಾಳ ಕೈ ಅರ್ಧಕ್ಕೇ ನಿಂತಿತು.

"ಬೇಡಮ್ಮ... ನನ್ನ ಹತ್ರ ಬಾಟಲಿ ಇದೆ."

ಬಾಗಿಲಿಗೊರಗಿ ನಿಂತಿದ್ದ ಅವರ ಮಗ ಮಾಳೇಶನ ಮುಖ ಬಿಗಿಯಿತು.

"ಎಂತಕ್ಕೆ ಬೇಡ? ನಮ್ಮ ಮನೆ ನೀರು ಆಗಲ್ವಾ ನಿಮಗೆ?"

ಆ ಪ್ರಶ್ನೆ ಅವನ ಬಾಯಲ್ಲಿ ಆ ಹೊತ್ತಿಗೆ ಹುಟ್ಟಿದ್ದಲ್ಲ. ಅವನ ಅಪ್ಪ, ಅಜ್ಜ ಕೇಳಲಾಗದೆ ನುಂಗಿಕೊಂಡಿದ್ದ ಪ್ರಶ್ನೆ ಅದು. ನಯನಾಳಿಗೆ ಕೆನ್ನೆಗೆ ಹೊಡೆದಂತಾಯಿತು.

'ಅಯ್ಯೋ... ಜಾತಿಯ ಮಾತಲ್ಲ ಇದು! ಆದರೆ ಹೇಗೆ ಹೇಳಲಿ?'

ಹೇಳುವಂತಿರಲಿಲ್ಲ. ತಲೆ ತಗ್ಗಿಸಿ ಹೊರಟುಬಿಟ್ಟಳು.

ಸೊರಬದ ಆಚೆ, ದಂಡಾವತಿ ಹೊಳೆಯ ದಡದಲ್ಲಿ ಒಂದು ಕಾಲಕ್ಕೆ ಕಂಬದ ಫ್ಯಾಕ್ಟರಿ ಇತ್ತು. ಕರೆಂಟಿನ ಮರದ ಕಂಬಗಳಿಗೆ ಗೆದ್ದಲು ಹತ್ತದಂತೆ ಮದ್ದಿನ ನೀರಲ್ಲಿ ನೆನೆಸಿ ಕಳಿಸುತ್ತಿದ್ದರು. ಬಾಗಿಲು ಮುಚ್ಚಿ ಹದಿನೈದು ವರ್ಷವಾಗಿತ್ತು. ಈಗ ಆ ಜಾಗದಲ್ಲಿ ಸಂತೆ ಮೈದಾನ ಮಾಡಬೇಕೆಂದು ತೀರ್ಮಾನವಾಗಿತ್ತು. ಅದಕ್ಕೂ ಮೊದಲು ಅಲ್ಲಿನ ಮಣ್ಣು, ಸುತ್ತಲಿನ ಬಾವಿಗಳ ನೀರು ಪರೀಕ್ಷೆಯಾಗಬೇಕು. ಶಿವಮೊಗ್ಗದ ಕಂಪನಿಯೊಂದರ ಪರವಾಗಿ ನಯನಾ ಬಂದದ್ದು ಅದಕ್ಕೇ.

ಶಿಕಾರಿಪುರದ ಹುಡುಗಿ. ಹುಡುಗಿ ಎಂದರೂ ಮೂವತ್ತನಾಲ್ಕು ತುಂಬಿತ್ತು. ಇಂಥ ಸತ್ತ ಫ್ಯಾಕ್ಟರಿಗಳನ್ನು ಅಗೆಯುತ್ತಾ ಹನ್ನೊಂದು ವರ್ಷ ಕಳೆದಿದ್ದಳು. ಹಿಂದೊಮ್ಮೆ ಬೇರೆ ಊರಲ್ಲಿ, ಬರೀ ಅನುಮಾನದ ಮೇಲೆ 'ಈ ನೀರು ಕುಡಿಯಬೇಡಿ' ಎಂದುಬಿಟ್ಟಿದ್ದಳು. ಪರೀಕ್ಷೆಯಲ್ಲಿ ನೀರು ಶುದ್ಧ ಎಂದು ಬಂತು. ಅಷ್ಟರಲ್ಲಿ 'ವಿಷದ ನೀರಿನ ಮನೆ' ಎಂಬ ಮಾತು ಹಬ್ಬಿ ಒಂದು ಹೆಣ್ಣಿನ ಮದುವೆಯೇ ಮುರಿದಿತ್ತು. ಅಂದಿನಿಂದ ವರದಿ ಕೈಗೆ ಬರುವವರೆಗೆ ಅವಳು ಬಾಯಿ ಬಿಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗುಂಡಿ ತೋಡುವ ಯಂತ್ರ ಕಟ್ಟಿದ ಟ್ರ್ಯಾಕ್ಟರ್ ಬಂತು. ಮೇಲೆ ಕೂತಿದ್ದವನು... ಮಾಳೇಶ!

"ನೀವಾ?"

"ಕೆಲಸ ಒಪ್ಪಿಕೊಂಡಾಗಿತ್ತು. ಮಾತಿಗೆ ತಪ್ಪೋದು ನಮ್ಮಲ್ಲಿಲ್ಲ. ಎಲ್ಲಿ ತೋಡಲಿ, ಹೇಳಿ."

ಎರಡು ದಿನ ಇಬ್ಬರ ನಡುವೆ ಅಷ್ಟೇ ಮಾತು. ಮೂರನೆಯ ದಿನ ಅವನೇ ಒಂದು ಕಡೆ ಯಂತ್ರ ನಿಲ್ಲಿಸಿದ.

"ನಿಮ್ಮ ನಕ್ಷೆ ತಪ್ಪಿದೆ. ಮದ್ದಿನ ತೊಟ್ಟಿ ಇದ್ದಿದ್ದು ಇಲ್ಲಿ. ಅಪ್ಪ ಇಲ್ಲೇ ಕಂಬ ಅದ್ದೋನು... ಬರಿಗೈಲಿ."

"ಈಗ ಅವರು...?"

"ಹೋಗಿ ಆರು ವರ್ಷ ಆಯ್ತು."

ಅಲ್ಲಿಂದ ಮೇಲೆ ಬಂದ ಮಣ್ಣು ಮದ್ದು ಹೀರಿ ಹಸಿರುಗಟ್ಟಿತ್ತು. ಅವಳು ಚೀಲಕ್ಕೆ ತುಂಬಿ ಚೀಟಿ ಅಂಟಿಸಿದಳು.

ಹನ್ನೆರಡು ದಿನ ಹೀಗೇ ಸಾಗಿತು. ಸುತ್ತಲಿನ ಎಂಟು ಬಾವಿಗಳಿಂದಲೂ ನೀರು ತೆಗೆದದ್ದಾಯಿತು. ಅವಳು ಗೋಡೆಯ ನೆರಳಲ್ಲಿ ಕುಸಿದು ಕೂತಾಗ ಅವನು ಟ್ರ್ಯಾಕ್ಟರಿನ ಸೀಟಿನ ದಿಂಬು ತಂದಿಡುತ್ತಿದ್ದ.

"ನೀವು ನಗೋದೇ ಇಲ್ವಾ?" ಒಂದು ದಿನ ಕೇಳಿದ.

"ನಕ್ಕರೆ ಸುಸ್ತಾಗ್ತದೆ."

ಅವನು ಜೋರಾಗಿ ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ. 'ಎಷ್ಟು ದಿನವಾಗಿತ್ತು ಹೀಗೆ ನಕ್ಕು...'

ಕೊನೆಯ ದಿನ ಅವನು ಹಗ್ಗ ಸುತ್ತುತ್ತಾ ಬೇರೆಲ್ಲೋ ನೋಡುತ್ತಾ ಕೇಳಿದ. "ಇನ್ನು ಮೇಲೂ... ಫೋನ್ ಮಾಡಬಹುದಾ?"

"ಮಾಡಿ."

ಮಾಡಿದ. ದಿನಾ ಸಂಜೆ ಮಾಡಿದ. ಆ ಕರೆಗಾಗಿ ಕಾಯುವುದು ಅವಳಿಗೆ ರೂಢಿಯಾಯಿತು.

ಕೆಲಸ ಮುಗಿದ ಮೂರನೆಯ ವಾರ ವರದಿ ಬಂತು. ಫ್ಯಾಕ್ಟರಿಯ ಹಿಂದಿನ ಬಂಗಾರಮ್ಮನ ಬಾವಿಯಲ್ಲಿ ಆರ್ಸೆನಿಕ್! ಹಿರಿಯರು ಪಾಷಾಣ ಎನ್ನುತ್ತಿದ್ದರಲ್ಲ, ಅದೇ; ಕಂಬದ ಮದ್ದಿನಲ್ಲಿದ್ದದ್ದು. ಇರಬಹುದಾದ್ದಕ್ಕಿಂತ ಆರು ಪಟ್ಟು.

"ಮೇಲಿನವರ ಕೈಗೆ ಹೋಗೋ ತನಕ ಯಾರಿಗೂ ಹೇಳಬೇಡಮ್ಮ," ಎಂದರು ಮ್ಯಾನೇಜರ್ ಪರಮಶಿವಪ್ಪ. "ಒಂದು ತಿಂಗಳು ಹಿಡೀತದೆ."

"ಒಂದು ತಿಂಗಳು ಅವರು ಕುಡೀತಾರಲ್ಲ ಸರ್?"

ಅವರು ಕಡತ ಮುಚ್ಚಿದರು. ಅವಳು ಬ್ಯಾಗ್ ಎತ್ತಿಕೊಂಡು ಸೊರಬದ ಬಸ್ಸು ಹತ್ತಿದಳು.

ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಮಾಳೇಶ ಜಗಲಿಯ ಮೇಲಿದ್ದ ಚೊಂಬನ್ನು ನೋಡಿದ.

"ಮೊದಲ ದಿನ ನೀವು ನೀರು ಮುಟ್ಟಲಿಲ್ಲ. ಅಂದ್ರೆ ಗೊತ್ತಿತ್ತು."

"ಗೊತ್ತಿರಲಿಲ್ಲ. ಅನುಮಾನ ಇತ್ತು ಅಷ್ಟೇ..."

"ಆ ಅನುಮಾನಾನ ನಿಮ್ಮ ಗಂಟಲಿಗೆ ಮಾತ್ರ ಇಟ್ಕೊಂಡ್ರಿ. ಅವ್ವ ದಿನಾ ಕುಡೀತಿದ್ಲು. ನೀವು ನೋಡ್ತಿದ್ರಿ. ನನ್ನ ಜೊತೆ ಫೋನಲ್ಲಿ ನಗ್ತಿದ್ರಿ!"

ಅವನು ಹೇಳಿದ್ದು ನಿಜವಾಗಿತ್ತು. ಅದೇ ಅವಳನ್ನು ಸುಟ್ಟಿತು.

"ಹೋಗಿ ಮೇಡಂ. ಇನ್ನು ಬರಬೇಡಿ."

ಅವಳು ಮನೆಗೆ ಹೋಗಲಿಲ್ಲ. ವರದಿ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಮೂರು ದಿನ ಕೂತಳು. ನಾಲ್ಕನೆಯ ದಿನ ಎಂಟು ಮನೆಗೂ ಟ್ಯಾಂಕರ್ ನೀರು ಬಂತು, ಬಾವಿಗಳಿಗೆ ಮುಚ್ಚಳ ಬಿತ್ತು. ಮಾತು ಮೀರಿದ್ದಕ್ಕೆ ಅವಳಿಗೆ ಕಂಪನಿಯ ನೋಟಿಸ್ ಬಂತು. ಓದಿ ಮಡಚಿಟ್ಟಳು. ಬೇಸರಪಡಲೂ ಶಕ್ತಿ ಉಳಿದಿರಲಿಲ್ಲ.

ವಾರದ ನಂತರ ಬಂಗಾರಮ್ಮನ ಫೋನ್ ಬಂತು.

"ಶಿವಮೊಗ್ಗ ಆಸ್ಪತ್ರೆಗೆ ಹೋಗಬೇಕಂತೆ ತಾಯಿ. ಡಾಕ್ಟ್ರು ಹೇಳೋದು ನಂಗೆ ತಿಳಿಯಲ್ಲ. ನೀನೂ ಬಾ."

"ನಿಮ್ಮ ಮಗ..."

"ಅವನ ಸಿಟ್ಟು ಅವನಿಗೆ. ನನ್ನ ಮೈ ನನಗೆ. ಬಾ ನೀನು."

ತಿಂಗಳಿಗೊಮ್ಮೆ ಹೋದರು. ಮಾಳೇಶನೂ ಬರುತ್ತಿದ್ದ, ದೂರದ ಬೆಂಚಿನಲ್ಲಿ ಕೂರುತ್ತಿದ್ದ. ಅತ್ತ ಹೊಳೆದಂಡೆಯಲ್ಲಿ ವಿಷದ ಮಣ್ಣನ್ನು ಅಗೆದು, ತಾಡಪಾಲು ಮುಚ್ಚಿದ ಲಾರಿಗಳಲ್ಲಿ ಸಾಗಿಸತೊಡಗಿದ್ದರು. ನಾಲ್ಕನೆಯ ತಿಂಗಳು ವೈದ್ಯರು ಕಾಗದ ನೋಡಿ ತಲೆಯಾಡಿಸಿದರು. ದೇಹದಲ್ಲಿ ವಿಷ ಇಳಿಯುತ್ತಿದೆ, ಲಿವರ್ ಚೆನ್ನಾಗಿದೆ, ಭಯವಿಲ್ಲ.

ಮರಳುವ ಬಸ್ಸಿನಲ್ಲಿ ಬಂಗಾರಮ್ಮ ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ಹಿಂದಿನ ಸೀಟಿನಲ್ಲಿದ್ದ ನಯನಾಳ ಪಕ್ಕಕ್ಕೆ ಮಾಳೇಶ ಬಂದು ಕೂತ. ನಾಲ್ಕು ತಿಂಗಳಲ್ಲಿ ಮೊದಲ ಸಲ!

"ಒಂದು ಮಾತು ಹೇಳಬೇಕಿತ್ತು," ಎಂದ. "ಅಪ್ಪ ಹೋಗೋ ಮುಂಚೆ ಅವನ ಅಂಗೈ ಬಿರುಕು ಬಿಟ್ಟಾಗ ಡಾಕ್ಟ್ರು ಕೇಳಿದ್ರು, ಯಾವ ನೀರು ಕುಡೀತೀರಿ ಅಂತ. ಅವತ್ತೇ ನನಗೆ ಅನುಮಾನ ಬಂತು... ನಾನು ಅವ್ವಂಗೆ ಹೇಳಲಿಲ್ಲ."

ಅವಳು ತಿರುಗಿ ನೋಡಿದಳು.

"ಇರೋದೊಂದೇ ಮನೆ. ಬಿಟ್ಟು ಎಲ್ಲಿಗೆ ಹೋಗೋದು? ಏನೂ ಇರಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ನೀವು ಒಂದು ತಿಂಗಳು ಬಾಯಿ ಮುಚ್ಕೊಂಡಿದ್ರಿ... ನಾನು ಆರು ವರ್ಷ! ಅವತ್ತು ಅಂಗಳದಲ್ಲಿ ಬೈದಿದ್ದು ನಿಮಗಲ್ಲ."

ಅವಳ ಕಣ್ಣು ತುಂಬಿತು. "ನಾನೂ ತಪ್ಪು ಮಾಡಿದೆ, ಮಾಳೇಶ್. ನೀವು ಬೈದದ್ದು ಸರಿಯಾಗೇ ಇತ್ತು."

"ಇಬ್ಬರೂ ಮಾಡಿದ್ವಿ."

ಬಸ್ಸು ಶಿಕಾರಿಪುರದ ನಿಲ್ದಾಣಕ್ಕೆ ಹೊರಳಿತು. "ಶಿಕಾರಿಪುರ ಇಳೀರಿ!" ಎಂದು ಕಂಡಕ್ಟರ್ ಕೂಗಿದ. ಅವಳು ಎದ್ದಳು. ಅವನು ಅವಳ ಬ್ಯಾಗನ್ನು ಹಿಡಿದುಕೊಂಡ, ಬಿಡಲಿಲ್ಲ.

"ನಯನಾ..." ಮೇಡಂ ಎನ್ನದೆ ಮೊದಲ ಸಲ ಕರೆದಿದ್ದ. "ನೀನು ನನಗೆ ಬೇಕು. ಚೆಂದದ ಮಾತು ಬರಲ್ಲ ನನಗೆ. ಇಷ್ಟೇ."

"ನನಗೆ ತುಂಬಾ ದಣಿವಾಗಿದೆ, ಮಾಳೇಶ್. ಕಥೆಯಲ್ಲಿ ಬರೋ ಹಾಗೆ ಪ್ರೀತಿ ಮಾಡೋಕೆ ಆಗುತ್ತೋ ಇಲ್ವೋ..."

"ನನಗೂ ದಣಿವಾಗಿದೆ. ಬಾ, ಒಟ್ಟಿಗೆ ಕೂರಣ."

ಕಂಡಕ್ಟರ್ ಮತ್ತೆ ಕೂಗಿದ. "ಇಳೀತೀರೇನಮ್ಮ?"

ನಯನಾ ಕೂತಳು. ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು.

"ಇಲ್ಲರಿ. ಇನ್ನೊಂದು ಟಿಕೆಟ್ ಕೊಡಿ, ಸೊರಬಕ್ಕೆ."