ಹನ್ನೊಂದನೇ ವಾಲ್ವಿನ ಕೆಂಪು ಗಂಟು

ಹರಿಗನ್ನಡಿಯನ್ನು ಮೇಜಿನ ಮೇಲಿಟ್ಟು ಇನ್ನೂ ಚಹಾ ಬಂದಿರಲಿಲ್ಲ, ಅಷ್ಟರಲ್ಲಿ ಶಿರಗುಂಡಿಯ ನೀರು ಸರಬರಾಜು ಕಚೇರಿಯ ಗುಟ್ಟೆಲ್ಲ ಗೋಡೆಯ ಮೇಲೆ ಹರಿದಾಡತೊಡಗಿತು. ಹರಿಗನ್ನಡಿ ನೋಡಲು ಬುತ್ತಿ ಡಬ್ಬಿಯಷ್ಟು ಯಂತ್ರ. ಅದು ಕಡತ ಓದುತ್ತದೆ, ಫೋನಿನ ಸಂದೇಶ ಓದುತ್ತದೆ, ಯಾರು ಯಾರ ಮೇಜಿಗೆ ಎಷ್ಟು ಸಲ ಎದ್ದು ಹೋದರೆಂಬುದನ್ನೂ ಗಮನಿಸುತ್ತದೆ. ಆಮೇಲೆ ಯಾವ ಸುದ್ದಿ ಯಾರಿಂದ ಯಾರಿಗೆ ಹೋಗುತ್ತದೆ ಎಂಬುದನ್ನು ಹೊಲದ ಕಾಲುವೆಗಳಂತೆ ನೀಲಿ ಗೆರೆಗಳಲ್ಲಿ ಬಿಡಿಸಿ ತೋರಿಸುತ್ತದೆ. ಗೆರೆ ಎಲ್ಲಿ ತುಂಡಾಯಿತೋ ಅಲ್ಲೊಂದು ಕೆಂಪು ಗಂಟು. ಅಷ್ಟಕ್ಕೇ ನಿಲ್ಲದೆ, ಗಂಟು ಬಿಡಿಸುವ ಹೊಸ ವ್ಯವಸ್ಥೆಯನ್ನೂ ತಾನೇ ಕಟ್ಟಿ ಕೊಡುತ್ತದೆ.

ಆ ದಿನದ ದೊಡ್ಡ ಗಂಟು ಹನ್ನೊಂದನೇ ವಾಲ್ವಿನದು. ಐದು ದಿನಕ್ಕೊಮ್ಮೆ ನೀರು ಬಿಡುವ ಪದ್ಧತಿ ೨೦೫೮ರಲ್ಲೂ ಆ ಊರಿಗೆ ತಪ್ಪಿರಲಿಲ್ಲ. ಹೀಗಿರುವಾಗ, ನೀರಿನ ಮೀಟರಿನ ಲೆಕ್ಕದ ಪ್ರಕಾರ, ವಾಲ್ವ್‌ಮನ್ ದುರಗಪ್ಪ ಒಂದೇ ವರ್ಷದಲ್ಲಿ ಹದಿನಾಲ್ಕು ಸಲ, ಯಾರ ಆದೇಶವೂ ಇಲ್ಲದೆ, ಪಾಳಿಯಲ್ಲದ ದಿನ ನೀರು ಬಿಟ್ಟಿದ್ದ.

“ಯಾರರ ಬೀಗರಿಗೆ ಬಿಟ್ಟಿರ್ಬೇಕು ನೋಡ್ರಿ,” ಎಂದು ಕಚೇರಿಯ ಸಾಹೇಬರು ನಕ್ಕರು.

ನಿಹಾರಿ ಬಡಿಗೇರ ನಗಲಿಲ್ಲ. ಮೇಜಿನ ಕೆಳಗೆ ಅವಳ ಕಾಲು ಒಂದೇ ಸಮನೆ ಅಲುಗುತ್ತಿತ್ತು. ಮಾಹಿತಿ ವ್ಯವಸ್ಥೆಯ ಪದವಿಯ ಕೊನೆಯ ವರ್ಷದಲ್ಲಿ ಉಳಿದಿದ್ದ ಒಂಬತ್ತು ಜನರಲ್ಲಿ ಅವಳೊಬ್ಬಳು.

“ಮೂರು ವರ್ಷ ಕಲಿತದ್ದನ್ನ ಇದು ಚಹಾ ಬರೂದ್ರಾಗ ಮುಗಿಸ್ತಲ್ರಿ ಅಕ್ಕಾರ. ಇನ್ನ ನಾ ಏನ್ ಮಾಡ್ಲಿ?”

“ಸಹಿ ಮಾಡು,” ಎಂದರು ಡಾ. ಜುಲೇಖಾ ಮುಲ್ಲಾ. ಯಂತ್ರ ಕಟ್ಟಿದವರೂ ಅವರೇ, ಪಾಠ ಹೇಳಿದವರೂ ಅವರೇ. “ಸುದ್ದಿ ಗೊತ್ತಿದ್ದವರನ್ನೂ ಕಂಡೀನಿ, ಗೊತ್ತಾಗಬೇಕಾದವರನ್ನೂ ಕಂಡೀನಿ ಅಂತ ಮನಷ್ಯಾರೊಬ್ಬರು ಸಹಿ ಹಾಕದ ಯಂತ್ರದ ವ್ಯವಸ್ಥೆ ಚಾಲೂ ಆಗಂಗಿಲ್ಲ. ಕಾಯ್ದೆ ಐತಿ.”

ಆ ಸಹಿಯೇ ಅವಳ ಕೊನೆಯ ಪರೀಕ್ಷೆ. ಚಾಲೂ ಆದ ವ್ಯವಸ್ಥೆ ಹದಿನೈದು ದಿನ ನಡೆದರೆ ಪದವಿ ಕೈಗೆ. ನಡುವೆ ಸಹಿ ಹಿಂದೆಗೆದರೆ ಒಂದು ವರ್ಷ ಹೋದಂತೆಯೇ. ಇತ್ತ ವಿಶ್ವವಿದ್ಯಾಲಯದಿಂದ ಒಂದು ಪತ್ರವೂ ಬಂದಿತ್ತು: ಈತನಕ ಒಬ್ಬರೂ ಸಹಿ ನಿರಾಕರಿಸಿಲ್ಲ, ಬರೀ ಸಹಿ ಹಾಕಲು ಮೂರು ವರ್ಷದ ಪದವಿ ಯಾತಕ್ಕೆ, ವಿಭಾಗವನ್ನೇ ಏಕೆ ಮುಚ್ಚಬಾರದು?

ಮರುದಿನ ನಿಹಾರಿ ದುರಗಪ್ಪನನ್ನು ಹುಡುಕಿಕೊಂಡು ಹೋದಳು. ಅವನು ಓಣಿಯ ಮೂಲೆಯ ಕಟ್ಟೆಯ ಮೇಲೆ, ಎದೆಯೆತ್ತರದ ವಾಲ್ವಿನ ಚಾವಿಯನ್ನು ಕೋಲಿನಂತೆ ಊರಿಕೊಂಡು ಕೂತಿದ್ದ.

“ಕಾಕಾ, ಆ ಹದಿನಾಲ್ಕು ಸಲ ನೀರು ಯಾಕ ಬಿಟ್ರಿ?”

“ಬೇಕಾಗಿತ್ತು, ಬಿಟ್ಟೆ.”

“ಬುಕ್ಕಿನ್ಯಾಗ ಯಾಕ ಬರೀಲಿಲ್ಲ?”

“ಅದನ್ನ ಬರಿಯೂ ಹಂಗಿಲ್ಲವಾ. ನೀ ಯಾರ ಪೈಕಿ? ಊಟ ಆತೇನು?”

ಅವಳು ಇನ್ನೊಮ್ಮೆ ಕೇಳಬಹುದಿತ್ತು. ಒಂದು ದಿನ ಅವನ ಪಕ್ಕದಲ್ಲಿ ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಆದರೆ ಸಹಿಗೆ ಶನಿವಾರ ಕೊನೆ, ಅವಳಿಗೋ ಕಾಲು ನಿಲ್ಲುತ್ತಿರಲಿಲ್ಲ. ಮುದುಕ ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡು ಸಹಿ ಹಾಕಿಬಿಟ್ಟಳು. ಸೋಮವಾರದಿಂದ ವಾಲ್ವುಗಳಿಗೆಲ್ಲ ಯಂತ್ರದ ಬೀಗ ಬಿದ್ದು, ಅವು ಪಾಳಿ ಬಂದಾಗಷ್ಟೇ ತೆರೆದುಕೊಳ್ಳತೊಡಗಿದವು. ಸಾಹೇಬರು ಪೇಢೆ ಹಂಚಿದರು.

ಹನ್ನೆರಡನೇ ದಿನ ಮುಂಜಾನೆ ದುರಗಪ್ಪನೇ ಫೋನ್ ಮಾಡಿದ. “ತಂಗಿ, ಒಂದೀಟು ಬಂದು ಹೋಗು.” ಅಷ್ಟೇ.

ಅವಳು ಹೋದಾಗ ಓಣಿಯಲ್ಲಿ ಸದ್ದೇ ಇರಲಿಲ್ಲ. ಗಂಗವ್ವ ಎಂಬ ಮುದುಕಿ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದ ನಲವತ್ತು ಐವತ್ತು ಜನ, ತಲೆಯ ಮೇಲೆ ನೀರು ಬೀಳದೆ ಮನೆಯೊಳಗೆ ಕಾಲಿಡುವಂತಿಲ್ಲವೆಂದು, ತಮ್ಮ ತಮ್ಮ ಬಾಗಿಲ ಮುಂದೆಯೇ ಬಿಸಿಲಲ್ಲಿ ನಿಂತಿದ್ದರು. ಪಾಳಿಗೆ ಇನ್ನೂ ಎರಡು ದಿನವಿತ್ತು. ಇದ್ದಬದ್ದ ಕೊಡದ ನೀರು ಮುದುಕಿಯ ಮೈ ತೊಳೆಯುವುದಕ್ಕೇ ಮುಗಿದಿತ್ತು. ದುರಗಪ್ಪ ಗುಂಡಿಯೊಳಗಿನ ವಾಲ್ವಿಗೆ ಚಾವಿ ಹಾಕಿ ನಿಂತಿದ್ದ. ಚಾವಿ ತಿರುಗುತ್ತಿರಲಿಲ್ಲ.

“ಆ ಹದಿನಾಲ್ಕೂ...” ಎಂದಳು ನಿಹಾರಿ.

“ಹೂಂ. ಓಣಿಯೊಳಗ ಚಟ್ಟಕ್ಕ ಬಿದಿರು ಹೊಂಟ್ರ ನನಗ ತಿಳೀತೈತಿ. ಯಾರೂ ಬಂದು ಕೇಳಬೇಕಾಗಿಲ್ಲ. ಬರೀಬ್ಯಾಡ ಅಂತ ನಮ್ಮಪ್ಪ ಹೇಳಿದ್ದ. ಬರದ್ರ ಅದು ಉಪಕಾರ ಆಗ್ತೈತಿ.”

ನಿಹಾರಿ ಫೋನ್ ತೆಗೆದಳು. ‘ಸಹಿ ಹಿಂದೆಗೆಯಬೇಕೆ?’ ಎಂದು ಅದು ಎರಡು ಸಲ ಕೇಳಿತು. ಇನ್ನು ಮೂರೇ ದಿನ. ಅವಳಪ್ಪ ಆಗಲೇ ಮಗಳಿಗೆ ಪದವಿ ಸಿಕ್ಕಿತೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಎರಡೂ ಸಲ ಹೌದು ಎಂದು ಒತ್ತಿದಳು. ಗುಂಡಿಯೊಳಗೆ ಟಕ್ಕೆಂದಿತು. ದುರಗಪ್ಪ ಚಾವಿ ತಿರುವಿದ. ಓಣಿಯ ನಳಗಳು ಮೊದಲು ಕೆಮ್ಮಿದವು, ಆಮೇಲೆ ನೀರು ಬಂತು. ಅವಳತ್ತ ಯಾರೂ ನೋಡಲಿಲ್ಲ. ಎಲ್ಲರೂ ನಳಕ್ಕೆ ತಲೆಯೊಡ್ಡಲು ಓಡಿದರು.

ಸಂಜೆಗೆ ಜುಲೇಖಾ ಬಂದು ಅದೇ ಕಟ್ಟೆಯ ಮೇಲೆ ಕೂತರು. ಅವರ ಸಮಾಧಾನವೂ ಕದಡಿತ್ತು. “ಇದಕ್ಕೂ ಒಂದು ಖಾನೆ ಹಾಕೂಣು. ‘ಓಣಿಯಲ್ಲಿ ಸಾವು’ ಅಂತ. ಅದನ್ನ ತುಂಬಿದ ಕೂಡ್ಲೆ ವಾಲ್ವ್ ತನ್ನಿಂದ ತಾನ ತೆರೀತೈತಿ.”

ದುರಗಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: “ಹಾಕ್ರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ. ತುಂಬೋರು ಯಾರು? ಸತ್ತ ಮನಿಯವರು ಮದ್ಲ ಅರ್ಜಿ ತುಂಬಿ, ಆಮ್ಯಾಲ ಅಳಬೇಕೇನು?”

ಹರಿಗನ್ನಡಿ ಸುಳ್ಳು ಹೇಳಿರಲಿಲ್ಲ. ಗೆರೆ ಅಲ್ಲಿ ನಿಜಕ್ಕೂ ತುಂಡಾಗಿತ್ತು. ತುಂಡಾದ ಜಾಗದಲ್ಲಿ ಒಬ್ಬ ಮನುಷ್ಯ ಕೂತಿದ್ದ, ಅಷ್ಟೇ.

ವಿಶ್ವವಿದ್ಯಾಲಯಕ್ಕೆ ಮೊದಲ ನಿರಾಕರಣೆ ತಲುಪಿತು. ವಿಭಾಗ ಮುಚ್ಚುವ ಮಾತು ಮುಂದಕ್ಕೆ ಹೋಯಿತು, ರದ್ದಾಗಲಿಲ್ಲ. ನಿಹಾರಿಯ ವರ್ಷವಂತೂ ಹೋಯಿತು. ಮುಂದಿನ ಜೂನ್‌ನಲ್ಲಿ ಹೊಸ ಹುಡುಗರನ್ನು ಮೊದಲ ತಿಂಗಳು ಯಂತ್ರದ ಹತ್ತಿರ ಬಿಡದೆ, ಇಂಥವೇ ಕಟ್ಟೆಗಳ ಮೇಲೆ ಸುಮ್ಮನೆ ಕೂರಿಸಲು ಕರೆದೊಯ್ದವಳು ಅವಳೇ. ಹುಡುಗರು ಗೊಣಗಿದರು. ಅವಳ ಕಾಲೂ ಇನ್ನೂ ಅಲುಗುತ್ತಲೇ ಇತ್ತು.

ಇವತ್ತಿಗೂ ಯಾವ ಅರ್ಜಿ ಕೈಗೆ ಬಂದರೂ ಅವಳು ಮೊದಲು ನೋಡುವುದು ಕೆಳತುದಿಯನ್ನು. ಅಲ್ಲಿ ‘ಇತರೆ’ ಎಂದು ಬರೆದು, ಬೆರಳುದ್ದದ ಗೆರೆಯೊಂದನ್ನು ಎಳೆದಿರುತ್ತಾರೆ. ಮೊನ್ನೆ ನೀವು ತುಂಬಿದ ಅರ್ಜಿಯಲ್ಲೂ ಅದು ಇದ್ದಿರಬೇಕು. ಖಾಲಿ ಬಿಟ್ಟು ಬಂದಿರುತ್ತೀರಿ.