ಎರಡು ಹೆಸರಿನ ಡಬ್ಬಿ

"ಅದನ್ನ ಮುಟ್ಟಬ್ಯಾಡ್ರಿ!"

ಮಧುಮತಿಯ ದನಿಗೆ ಜಗದೇವ ಬೆಚ್ಚಿದ. ಅವನ ಕೈಯಲ್ಲೊಂದು ಹಳೆಯ ಸ್ಟೀಲ್ ಡಬ್ಬಿ ಇತ್ತು.

ಮದುವೆಯಾಗಿ ಐದು ತಿಂಗಳ ಮೇಲೆ ಗಂಡ ಹೆಂಡತಿ ಇಬ್ಬರೇ ಒಂದು ಕೋಣೆಯಲ್ಲಿ ನಿಂತಿದ್ದು ಇದೇ ಮೊದಲು. ಮುಖ ನೋಡಿ ಅವಳು ಆಡಿದ ಮೊದಲ ಮಾತೂ ಇದೇ!

ಆಳಂದದಲ್ಲಿ ಸರಳವಾಗಿ ಮದುವೆಯಾದ ಮರುದಿನವೇ ಅವನು ಒಮಾನ್‌ಗೆ ಮರಳಿದ್ದ. ಅಲ್ಲಿನ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ. ಈಗ ಅವಳ ವೀಸಾ ಬಂದಿತ್ತು. ಶುಕ್ರವಾರ ಹೈದರಾಬಾದಿನಿಂದ ವಿಮಾನ. ಇನ್ನು ಮೂರೇ ದಿನ...

ಅವರು ನಿಂತಿದ್ದ ಮನೆ ಅವಳ ತವರಲ್ಲ. ತವರು ಅಫಜಲಪುರ. ಜೇವರ್ಗಿಯ ಈ ಮನೆ ಅವಳ ಮೊದಲ ಗಂಡ ಅರುಣಕುಮಾರನದು. ನಾಲ್ಕು ವರ್ಷದ ಹಿಂದೆ ಅವನು ಹೃದಯಾಘಾತದಿಂದ ತೀರಿಕೊಂಡ ಮೇಲೂ ಅವಳು ಅತ್ತೆ ಶರಣಬಸಮ್ಮನನ್ನು ಬಿಟ್ಟು ಹೋಗಿರಲಿಲ್ಲ. ಕೊನೆಗೆ ಆ ಅತ್ತೆಯೇ ಆಳಂದದ ಈ ಗಂಡನ್ನು ಹುಡುಕಿ, ಅಫಜಲಪುರಕ್ಕೆ ಹೋಗಿ ಅವಳ ಅಪ್ಪನನ್ನು ಒಪ್ಪಿಸಿ ಬಂದಿದ್ದಳು.

ಜಗದೇವ ಡಬ್ಬಿಯನ್ನು ತಿರುಗಿಸಿದ. ಮೇಲೆ ಕೊರೆದ ಅಕ್ಷರ ಕಂಡವು. ಅರುಣಕುಮಾರ – ಮಧುಮತಿ.

ಮಧುಮತಿ ಕೈ ಚಾಚಿದಳು. 'ಅಯ್ಯೋ... ಓದಿಬಿಟ್ಟರಲ್ಲ! ಏನಂದುಕೊಂಡರೋ?'

ಜಗದೇವ ಡಬ್ಬಿಯನ್ನು ಮೆಲ್ಲಗೆ ಅವಳ ಕೈಗೆ ಕೊಟ್ಟು, ನೆಲದ ಮೇಲೆ ಹರಡಿದ್ದ ಸಾಮಾನಿನ ಕಡೆಗೆ ತಿರುಗಿದ.

"ಕುಕ್ಕರ್ ಬ್ಯಾಡ್ರಿ, ಅಲ್ಲಿ ಸಿಗ್ತದ. ರೊಟ್ಟಿ ಹಂಚು ಮಾತ್ರ ತಗೊಳ್ರಿ, ಇಂಥಾದ್ದು ಸಿಗಂಗಿಲ್ಲ."

"ಮತ್ತ... ಈ ಕೌದಿ?"

"ಯಾರು ಹೊಲದದ್ದು?"

"ಅತ್ತಿ."

"ಹಂಗಾದ್ರ ಅದು ಬರಲೇಬೇಕು," ಎಂದು ತನ್ನ ಚೀಲದಿಂದ ಎರಡು ಪ್ಯಾಂಟು, ಒಂದು ಜೊತೆ ಬೂಟು ತೆಗೆದು ಬದಿಗಿಟ್ಟ. ತುಂಡು ಬಟ್ಟೆಗಳ ಆ ಕೌದಿ ಅವನ ಚೀಲ ಸೇರಿತು.

ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ, ಜೋಳದ ಹಿಟ್ಟು, ಒಂದು ಗಟ್ಟಿ ವಿಭೂತಿ, ಅವಳ ನಾಲ್ಕು ಸೀರೆ... ಸಂಜೆಯ ಹೊತ್ತಿಗೆ ಚೀಲಗಳು ತುಂಬಿದವು. ಮಧುಮತಿ ತನ್ನ ಚೀಲದಲ್ಲಿ ಎಲ್ಲಕ್ಕೂ ಮೇಲೆ ಆ ಡಬ್ಬಿ ಇಟ್ಟಳು. ಜಗದೇವ ನೋಡಿ, ತನ್ನ ಚೀಲ ಕಟ್ಟತೊಡಗಿದ.

ಮದುವೆಯಾದ ಮೊದಲ ತಿಂಗಳಲ್ಲಿ ಅರುಣ ಅದನ್ನು ಸಂತೆಯಲ್ಲಿ ಕೊಂಡು, ಅಲ್ಲೇ ನಿಂತು ಹೆಸರು ಕೊರೆಸಿಕೊಂಡು ಬಂದಿದ್ದ. ಅದನ್ನು ಬಿಟ್ಟು ಹೋದರೆ ಅವನನ್ನೇ ಬಿಟ್ಟು ಹೋದಂತೆ ಅನಿಸುತ್ತಿತ್ತು ಅವಳಿಗೆ.

ಆದರೆ ಮರುದಿನ ಬೆಳಿಗ್ಗೆ ಚೀಲದ ಬಾಯಿ ತೆರೆದರೆ ಡಬ್ಬಿ ಇಲ್ಲ!

ಮಧುಮತಿ ಸೀರೆ ಸರಿಸಿದಳು, ಅವನ ಚೀಲದ ಕೌದಿಯನ್ನೂ ಕೊಡವಿದಳು. ಎಲ್ಲೂ ಇಲ್ಲ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ ಜಗದೇವನ ಮುಂದೆ ಬಂದು ನಿಂತಳು.

"ಡಬ್ಬಿ ನೀವ ತಗದೀರೇನು?"

ಅವನು ಅವಳ ಹಿಂದೆ, ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಶರಣಬಸಮ್ಮ ತಲೆ ತಗ್ಗಿಸಿ ನಿಂತಿದ್ದಳು.

"ಹೌದ್ರಿ... ನಾನ ತಗದೇನಿ."

"ಯಾಕ?"

"ಸಾಮಾನು... ಹೆಚ್ಚಾಗಿತ್ತು."

"ನಾಕು ಬೆರಳು ಎತ್ತರದ ಡಬ್ಬಿ ಹೆಚ್ಚಾತೇನ್ರಿ? ಅವರ ಹೆಸರು ನಿಮಗ ಹೆಚ್ಚಾತು ಅಂತ ಹೇಳ್ರಿ!"

ಜಗದೇವ ಚಹಾದ ಕಪ್ ಕೆಳಗಿಟ್ಟ.

"ನನ್ನ ಸಾಮಾನು ಕಟ್ಟಬ್ಯಾಡ್ರಿ. ನಾ ಬರಂಗಿಲ್ಲ!"

ಹಾಗೆಂದುಬಿಟ್ಟ ಮೇಲೆ ಅವಳಿಗೇ ಭಯವಾಯಿತು. ಅವನು ಮಾತ್ರ ಎದ್ದು ನಿಂತು ಮೆತ್ತಗೆ ಹೇಳಿದ.

"ನಿಮ್ಮ ಮನಸ್ಸಿಲ್ಲದ ನಿಮ್ಮನ್ನ ಕರ್ಕೊಂಡು ಹೋಗಂಗಿಲ್ರಿ. ಆಳಂದದಾಗ ಇರ್ತೇನಿ. ಬರಬೇಕು ಅನ್ನಿಸಿದ್ರ ಒಂದು ಫೋನ್ ಮಾಡ್ರಿ, ಸಾಕು."

ಚೀಲ ಅಲ್ಲೇ ಬಿಟ್ಟು, ಬರಿಗೈಯಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮಧುಮತಿ ಕೋಣೆಗೆ ಬಂದು ಒಂದೊಂದೇ ಸಾಮಾನು ಹೊರಗೆ ತೆಗೆಯತೊಡಗಿದಳು. ಕಣ್ಣು ಮಂಜಾಗಿತ್ತು. 'ಒಳ್ಳೆಯವರು ಅಂದುಕೊಂಡಿದ್ದೆ... ಕೌದಿ ನೋಡಿದಾಗ ಎಷ್ಟು ಒಳ್ಳೆಯವರು ಅನಿಸಿತ್ತು...'

"ಮಧು..."

ಶರಣಬಸಮ್ಮ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ಒಳಗಿಂದ ಡಬ್ಬಿ ತೆಗೆದು ಮುಂದೆ ಹಿಡಿದಳು.

"ಅವ ತಗದಿಲ್ಲ ಬೇ. ನಾನ ತಗದೇನಿ."

"ಅತ್ತೀ!"

"ನನ್ನ ಮಗನ ಹೆಸರು ಕೊರದದ್ದು ಈ ಮನ್ಯಾಗ ಇದೊಂದ ಅದ. ನನಗ ಓದಾಕ ಬರಂಗಿಲ್ಲ. ಆದ್ರ ಬೆರಳು ಆಡಿಸಿದ್ರ ಅವನ ಹೆಸರು ಎಲ್ಲಿಂದ ಸುರು, ಎಲ್ಲಿಗೆ ಮುಗೀತದ ಅಂತ ಗೊತ್ತಾಗ್ತದ... ನನಗ ಬಿಟ್ಟು ಹೋಗು ಅಂತ ಕೇಳಾಕ ಬಾಯಿ ಬರಲಿಲ್ಲ ಯವ್ವಾ. ನಿನ್ನ ಗಂಡ ತಂದದ್ದು, ನಿನ್ನ ಹೆಸರೂ ಅದರ ಮ್ಯಾಲ ಅದ. ಹ್ಯಾಂಗ ಕೇಳಲಿ?"

ಮಧುಮತಿ ಕೈಯಲ್ಲಿದ್ದ ಸೀರೆ ಕೆಳಗಿಟ್ಟಳು.

"ನಸುಕಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಅಳಾಕತ್ತಿದ್ದೆ. ಜಗದೇವ ನೋಡಿದ. ಒಂದು ಗ್ಲಾಸ್ ನೀರು ತಂದು ಕೊಟ್ಟು, ತಿರುಗಿ ಹೋದ. ಈಗ ನೋಡಿದ್ರ... ನನ್ನ ಮರ್ಯಾದಿ ಉಳಸಾಕ ತಾನ ಕಳ್ಳ ಆದ!"

ಮಧುಮತಿ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡಳು. ಇಬ್ಬರೂ ಮನಸಾರೆ ಅತ್ತರು. ಆಮೇಲೆ ಅವಳು ಡಬ್ಬಿಯನ್ನು ಶರಣಬಸಮ್ಮನ ಅಂಗೈಯಲ್ಲಿಟ್ಟು, ಮುದಿ ಬೆರಳುಗಳನ್ನು ಅದರ ಸುತ್ತ ಮಡಚಿದಳು.

"ಇದು ಇಲ್ಲೇ ಇರಲಿ ಅತ್ತಿ. ನಿಮ್ಮ ಹತ್ರ ಅದ ಅಂದ್ರ ನನಗ ಸಮಾಧಾನ."

"ಹೋಗು ಬೇ! ಬಸ್ ಬಿಟ್ಟೀತು. ನನ್ನ ಬಿಟ್ಟು ಹೋಗ್ತೇನಿ ಅಂತ ಚಿಂತಿ ಮಾಡಬ್ಯಾಡ. ನಿನ್ನ ನಾದಿನಿ ಎದುರಿಗಿನ ಮನ್ಯಾಗ ಅದಾಳ, ಮೂರು ಹೊತ್ತು ನನ್ನ ತಲಿ ತಿನ್ನಾಕ!"

ಮಧುಮತಿ ಚಪ್ಪಲಿ ಮೆಟ್ಟಿ ಓಡಿದಳು.

ಆಳಂದದ ದಾರಿಯ ಕಲಬುರಗಿ ಬಸ್ಸು ಆಗಲೇ ಹೊರಡಲು ಗುರುಗುಟ್ಟುತ್ತಿತ್ತು. ಕಿಟಕಿಯ ಪಕ್ಕ ಜಗದೇವ! ಅವಳನ್ನು ಕಂಡವನೇ ಜನರನ್ನು ದಾಟಿಕೊಂಡು ಕೆಳಗಿಳಿದ. ಬಸ್ಸು ಅವನನ್ನು ಬಿಟ್ಟು ಹೋಯಿತು.

"ಏನಾತ್ರಿ? ಅವ್ವಾರು ಆರಾಮ ಅದಾರಿಲ್ಲೋ?"

ಅವನ ಮೊದಲ ಪ್ರಶ್ನೆಯೇ ಅತ್ತೆಯ ಬಗ್ಗೆ!

"ಎಲ್ಲಾ ಹೇಳಿದ್ರು... ಯಾಕ್ರಿ ಸುಳ್ಳು ಹೇಳಿದ್ರಿ? ನಾ ಅಷ್ಟು ಅಂದೆ, ಯಾಕ ಸುಮ್ಮನಿದ್ರಿ?"

"ನೀವು ನನ್ನ ಮ್ಯಾಲ ಸಿಟ್ಟಾದ್ರ ಇವತ್ತಿಲ್ಲ ನಾಳೆ ಇಳೀತದ. ಅವ್ವಾರ ಮ್ಯಾಲ ಒಂದು ಮಾತು ಬಂದಿದ್ರ, ನೀವು ದೂರ ಹೋದ ಮ್ಯಾಲ ಅದ ಉಳೀತಿತ್ತು."

"ನಿಮಗ... ಡಬ್ಬಿ ಮ್ಯಾಲ ಅವರ ಹೆಸರು ನೋಡಿ ಬ್ಯಾಸರ ಆಗಲಿಲ್ಲೇನು?"

"ಒಂದು ಗಳಿಗಿ ಆತ್ರಿ. ಸುಳ್ಳು ಯಾಕ ಹೇಳಲಿ... ಆಮ್ಯಾಲ ಅನ್ನಿಸ್ತು, ಇಷ್ಟು ವರ್ಷ ಒಬ್ಬರನ್ನ ಹಿಂಗ ಮನಸ್ಸಿನ್ಯಾಗ ಇಟ್ಕೊಂಡಾಕಿ, ನನ್ನನ್ನೂ ಒಂದಿನ ಹಂಗ ಇಟ್ಕೊಂಡಾಳು ಅಂತ." ಜಗದೇವ ನಾಚಿಕೆಯಿಂದ ಕತ್ತು ತುರಿಸಿಕೊಂಡ. "ಖರೇ ಹೇಳ್ತೇನಿ, ನಾ ನಿಮ್ಮ ಫೋಟೋ ನೋಡಿ ಒಪ್ಪಿದ್ದಲ್ಲ. ಅವ್ವಾರು ನಮ್ಮ ಮನಿಗಿ ಬಂದು ನಿಮ್ಮ ಸುದ್ದಿ ಹೇಳೂವಾಗ, 'ಸೊಸಿ' ಅನ್ನೂದು ಮರತು ಎರಡು ಸರ್ತಿ 'ನನ್ನ ಮಗಳು' ಅಂದ್ರು. ಅವತ್ತ ನೀವು ನನ್ನ ಮನಸ್ಸಿನ್ಯಾಗ ಬಂದ್ರಿ."

ಮಧುಮತಿ ಅಳುತ್ತಲೇ ನಕ್ಕಳು. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜನರ ನಡುವೆ, ಮೊದಲ ಬಾರಿ ಅವನ ಕೈ ಹಿಡಿದಳು.

"ನಾ ಬರ್ತೇನ್ರಿ. ಮನಸ್ಸಿನಿಂದ ಬರ್ತೇನಿ."

ಮನೆಯ ಕಡೆ ನಡೆಯುವಾಗ ಪಾತ್ರೆಗಳ ಅಂಗಡಿಯ ಮುಂದೆ ಅವನು ನಿಂತು, ಊಟದ ತಟ್ಟೆಗಳ ಕಡೆ ಕೈ ತೋರಿಸಿದ.

"ಒಂದು ತಾಟು ತಗೊಳ್ಳೂಣೇನು? ಇಷ್ಟು ದಿನ ಒಬ್ಬನ ಇದ್ದೆ. ನನ್ನ ರೂಮಿನ್ಯಾಗ ಒಂದ ತಾಟು ಅದ."

ಮಧುಮತಿ ಅವನ ಮುಖ ನೋಡಿದಳು. ಕೆನ್ನೆ ಬಿಸಿಯಾಯಿತು.

"ಬ್ಯಾಡ್ರಿ."

"ಯಾಕ್ರಿ?"

"ಇಬ್ಬರಿಗೆ ಒಂದ ಸಾಕು."