ಅತ್ತಿಮರದ ಬೊಡ್ಡೆ

ಜಾಲಹಳ್ಳಿಯ ನಮ್ಮ ಹಿತ್ತಲಲ್ಲಿ ಇದು ನಡೆದದ್ದು ೧೯೫೮ರಲ್ಲಿ, ನಾನೇ ಕಂಡದ್ದು. ಹೆರಿಗೆಗೆ ಬಂದಿದ್ದ ಅಕ್ಕ ಬಾಣಂತಿ. ಅವಳಿಗೊಂದು ಕೋಣೆ ಕಟ್ಟಿಸಲೆಂದು ಅಪ್ಪ ಅತ್ತಿಮರ ಕಡಿಸಿ, ಉಳಿದ ಬೊಡ್ಡೆಗೆ ಭತ್ತದ ಹೊಟ್ಟು ಸುರಿದು ಬೆಂಕಿ ಇಟ್ಟರು.

"ಹಾಲಿನ ಮರ ಕಣೋ ಮುನಿಯಣ್ಣ. ಹಸು ಈದಾಗೆಲ್ಲ, ಹಾಲು ಬತ್ತದಿರ್ಲಿ ಅಂತ ಕರು ಹಿಂದೆ ಬಿದ್ದ ಮಾಸು ಕಟ್ಟಿದ್ದು ಇದಕ್ಕೇ. ಬಾಣಂತಿ ಇರೋ ಮನೇಲಿ ಇಂಗೆ ಸುಡಬ್ಯಾಡ," ಎಂದಳು ಅಜ್ಜಿ ಅಪ್ಪನಿಗೆ.

"ನಿನ್ ಕಥೆ ಇವಳಿಗೆ ಹೇಳವ್ವ, ಬಾಯಿ ಬಿಟ್ಕೊಂಡು ಕೇಳ್ತಾಳೆ," ಎಂದು ಅಪ್ಪ ನನ್ನತ್ತ ತೋರಿಸಿ ನಕ್ಕರು.

ಮೂರು ದಿನ ಹೊಗೆಯಾಡಿತು. ಅದರಲ್ಲಿ ಸೌದೆಯ ವಾಸನೆಯಿರಲಿಲ್ಲ, ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆಯಿತ್ತು. ಮುಟ್ಟಿದರೆ ಬೊಡ್ಡೆ ತಣ್ಣಗಿತ್ತು. ಮನೆಯೊಳಗೆ ಅಕ್ಕನ ಮೈ ಕಾದು, ಎದೆಹಾಲು ಬತ್ತಿತ್ತು. ಮಗುವಿಗೆ ಅಳಲೂ ಶಕ್ತಿ ಉಳಿಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅಪ್ಪ ಯಾರಿಗೂ ಹೇಳದೆ ಬಾವಿಯಿಂದ ನೀರು ಸೇದಿ ಸುರಿದರು. ಕೆಂಡ ಚುಯ್ ಎನ್ನಲಿಲ್ಲ. ಯಾರೋ ಗುಟುಕರಿಸಿ ಕುಡಿದ ಸದ್ದಾಯಿತು. ಸಂಜೆಗೆ ಅಕ್ಕನ ರವಿಕೆ ಹಾಲಿನಿಂದ ಒದ್ದೆಯಾಯಿತು.

ಕೋಣೆ ಕಟ್ಟಲಿಲ್ಲ. ಎರಡು ವರ್ಷ ಕಳೆದು ಅಕ್ಕ ಸೋಲದೇವನಹಳ್ಳಿಯ ಗಂಡನ ಮನೆಯಲ್ಲಿ ಎರಡನೆಯ ಮಗುವನ್ನು ಹೆತ್ತಳು. ಸುದ್ದಿ ಬರುವ ಮೊದಲೇ ಆ ಸುಟ್ಟ ಬೊಡ್ಡೆಯಲ್ಲಿ ಹಾಲು ಒಸರಿತ್ತು. ಅಪ್ಪ ಬೆರಳಿಟ್ಟು ನೋಡಿದರು.

ಬೆಚ್ಚಗಿತ್ತು.